ಮರುಹೊಲಿಗೆಯ ಮಾತನ್ನು ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ನಂತರದ ಮರುರಚನೆಯ ಬಗ್ಗೆ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದಿದ್ದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಯಾವುದೋ ಪ್ಯಾರಾ ಬಿಟ್ಟು ಓದಿದೆನೇನೋ ಎಂಬ ಅನುಮಾನ ಬಂದು ಎರಡನೆಯ ಸಲ ಓದಿದ್ದು. ಬಿಟ್ಟಿರಲಿಲ್ಲ, ಮರುರಚನೆಯನ್ನು ಮತ್ತೆ ತಿದ್ದಬೇಕಾಗಬಹುದು ಎಂಬ ಮಾತೇ ಲೇಖನದಲ್ಲಿ ಇರಲಿಲ್ಲ. ರೋಗ ಬಂದ ಸ್ತನವನ್ನು ತೆಗೆಯುತ್ತಾರೆ, ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತಾರೆ, ಮಹಿಳೆ ಆತ್ಮವಿಶ್ವಾಸದಿಂದ ಬದುಕಿಗೆ ಮರಳುತ್ತಾಳೆ. ಅಲ್ಲಿಗೆ ಲೇಖನ ಮುಗಿದಿದೆ. ನನ್ನದು ಅಲ್ಲಿಗೆ ಮುಗಿಯಲಿಲ್ಲ. ಐದು ವರ್ಷಗಳಲ್ಲಿ ನಾಲ್ಕು ಸಲ ಆಪರೇಷನ್ ಟೇಬಲ್ ಹತ್ತಿ ಇಳಿದಿದ್ದೇನೆ. ಮೊದಲನೆಯದು ಕ್ಯಾನ್ಸರ್ ತೆಗೆಯಲು. ಎರಡನೆಯದು ಮೊದಲೇ ಗೊತ್ತಿದ್ದದ್ದು. ಮೂರನೆಯದೂ ನಾಲ್ಕನೆಯದೂ ಮಾಡಿದ್ದನ್ನು ತಿದ್ದಲು. ನಿಮ್ಮ ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದ ಮೂಲೆಯಲ್ಲಿ ‘ತಿದ್ದುಪಡಿ’ ಎಂದು ನಾಲ್ಕು ಸಾಲು ಹಾಕಿ ಮುಗಿಸುತ್ತೀರಿ. ನನ್ನ ಮೊದಲ ತಿದ್ದುಪಡಿಗೆ ಎಂಟು ಗಂಟೆ ಹಿಡಿಯಿತು.

ನಾನು ಹೊಲಿಗೆಯವಳು. 28 ವರ್ಷಗಳಿಂದ ಹೆಂಗಸರ ಉಡುಪು ಹೊಲಿಯುತ್ತಿದ್ದೇನೆ. ಎಷ್ಟು ಜನರ ಎದೆಯ ಸುತ್ತಳತೆ ಬರೆದುಕೊಂಡಿದ್ದೇನೋ ಲೆಕ್ಕವಿಲ್ಲ. ಎಡವೂ ಬಲವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದ ಒಂದು ಎದೆಯನ್ನು ಈವರೆಗೆ ಅಳೆದಿಲ್ಲ. ಹುಟ್ಟಿನಿಂದ ಬಂದದ್ದೇ ಹೀಗಿರುವಾಗ, ಕೈಯಿಂದ ಕಟ್ಟಿದ್ದು ಒಂದೇ ಸಲಕ್ಕೆ ಸರಿಯಾಗಿ ಕೂರುತ್ತದೆ ಎಂದು ನಾನು ನಂಬಿದ್ದು ಹೇಗೆ? ಬಟ್ಟೆ ಕೊಟ್ಟ ಪ್ರತಿಯೊಬ್ಬರಿಗೂ ‘ಒಮ್ಮೆ ಹಾಕಿ ನೋಡಿ, ಹೆಚ್ಚುಕಡಿಮೆ ಇದ್ದರೆ ತನ್ನಿ’ ಎಂದು ಹೇಳಿ ಕಳುಹಿಸುವವಳು ನಾನು. ಆ ಒಂದು ಮಾತನ್ನು ನನಗೆ ಯಾರೂ ಹೇಳಿರಲಿಲ್ಲ ಎಂಬುದೇ ಈ ಪತ್ರದ ದೂರು. ಕೈಚಳಕದ ಬಗ್ಗೆ ನನ್ನ ದೂರಿಲ್ಲ.

ನನಗೆ 47 ವರ್ಷವಾಗಿದ್ದಾಗ ಎಡಗಡೆ ಗಡ್ಡೆ ಕಂಡಿತು. ಇಡೀ ಸ್ತನ ತೆಗೆಯಬೇಕಾಯಿತು. ವರದಿ ಬಂದ ದಿನ ಡಾಕ್ಟರು ‘ಮಾರ್ಜಿನ್ ಚೆನ್ನಾಗಿದೆ’ ಎಂದರು. ನಮ್ಮ ಕಸುಬಿನಲ್ಲಿ ಮಾರ್ಜಿನ್ ಎಂದರೆ ಮುಂದೆ ಬಿಚ್ಚಿ ಸಡಿಲ ಮಾಡಲೆಂದು ಹೊಲಿಗೆಯ ಒಳಗೆ ಬಿಡುವ ಬಟ್ಟೆ. ಅವರ ಕಸುಬಿನಲ್ಲಿ, ಕತ್ತರಿಸಿ ತೆಗೆದ ಭಾಗದ ಅಂಚಿನಲ್ಲಿ ರೋಗ ಕಾಣುತ್ತಿಲ್ಲ ಎಂದು ಅರ್ಥ. ನಾವು ಬಿಡುವುದು, ಅವರು ತೆಗೆಯುವುದು. ಅದೊಂದು ಮಾತಿಗೆ ಆಸ್ಪತ್ರೆಯಲ್ಲಿ ನಾನು ಮೊದಲ ಸಲ ನಕ್ಕಿದ್ದೆ.

ಸ್ತನ ತೆಗೆದ ದಿನವೇ ಎದೆಯ ಸ್ನಾಯುವಿನ ಕೆಳಗೆ ಎಕ್ಸ್‌ಪ್ಯಾಂಡರ್ ಎಂಬ ಖಾಲಿ ಚೀಲ ಇಟ್ಟಿದ್ದರು. ಚರ್ಮ ಹಿಗ್ಗಿ ಜಾಗವಾಗಲೆಂದು ಎರಡು ವಾರಕ್ಕೊಮ್ಮೆ ಅದರೊಳಗೆ ಸೂಜಿಯಿಂದ ಉಪ್ಪುನೀರು ತುಂಬುತ್ತಾರೆ. ಸೂಜಿ ಚುಚ್ಚುವ ಬಾಯಿ ಎಲ್ಲಿದೆ ಎಂದು ಹುಡುಕಲು ನರ್ಸ್ ಚರ್ಮದ ಮೇಲೆ ಅಯಸ್ಕಾಂತ ಆಡಿಸುತ್ತಿದ್ದರು. ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕಲು ನಾನು ಇಟ್ಟುಕೊಂಡಿರುವುದೂ ಅಂಥದ್ದೇ ಅಯಸ್ಕಾಂತ. ನಡುವೆ ಕೀಮೋ, ಆಮೇಲೆ 25 ದಿನ ವಿಕಿರಣ. ಅದರ ಕಥೆ ಬೇಡ, ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ವಿಕಿರಣ ಮುಗಿದು ಆರು ತಿಂಗಳಾದ ಮೇಲೆ ಚೀಲ ತೆಗೆದು ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಆರನೆಯ ವಾರದಲ್ಲಿ ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಚೆನ್ನಾಗಿಯೇ ಇತ್ತು. ನಿಮ್ಮ ಲೇಖನದಂಥ ಲೇಖನಗಳೆಲ್ಲ ಬರೆಯಲ್ಪಡುವುದು ಈ ಆರನೆಯ ವಾರದಲ್ಲಿ ಎಂದು ನನ್ನ ಗುಮಾನಿ.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಎಡಗಡೆಯದು ನಿಧಾನವಾಗಿ ಮೇಲಕ್ಕೆ ಹತ್ತತೊಡಗಿತು. ಬಲಗಡೆಯದು ವಯಸ್ಸಿಗೆ ತಕ್ಕಂತೆ ಇಳಿಯುತ್ತಿತ್ತು. ಒಂದು ದಿನ ಬಾಗಿಲು ಹಾಕಿಕೊಂಡು ಟೇಪು ಹಿಡಿದೆ: ಕತ್ತಿನ ಗುಳಿಯಿಂದ ಕೆಳಗಿನ ಮಡಿಕೆಯವರೆಗೆ ಎರಡು ಕಡೆಗೂ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ಮುಟ್ಟಿದರೆ ಗಟ್ಟಿ, ಮಲಗಿದರೂ ಕದಲುವುದಿಲ್ಲ, ಚಳಿಯಲ್ಲಿ ಒಳಗೇ ತಣ್ಣಗಿರುವಂಥ ಅನುಭವ. ಎಡಮಗ್ಗುಲಲ್ಲಿ ಮಲಗುವುದು ನಿಂತಿತು. ಬಟ್ಟೆಯನ್ನು ಯಂತ್ರದ ಕೆಳಗೆ ತಳ್ಳುವಾಗ ಎದೆಯ ಸ್ನಾಯು ಬಿಗಿಯಾಗಿ ಇಂಪ್ಲಾಂಟ್ ಕಂಕುಳ ಕಡೆಗೆ ಜಾರಿ, ಕೈ ಸಡಿಲಿಸಿದಾಗ ಮತ್ತೆ ಬರುತ್ತಿತ್ತು. ಸ್ನಾಯುವಿನ ಕೆಳಗೆ ಇಟ್ಟವರಲ್ಲಿ ಹೀಗಾಗುವುದುಂಟು ಎಂದು ಆಮೇಲೆ ತಿಳಿಯಿತು. ಹೊಲಿಗೆಯವಳಿಗೆ ಅದು ದಿನಕ್ಕೆ ನೂರು ಸಲ.

ಡಾಕ್ಟರು ಒತ್ತಿ ನೋಡಿ ‘ಕ್ಯಾಪ್ಸೂಲ್ ಬಿಗಿದಿದೆ’ ಎಂದರು. ನಾನು ಯಾವ ಕ್ಯಾಪ್ಸೂಲ್ ನುಂಗಿದ್ದೆ ಎಂದು ನೆನಪಿಸಿಕೊಳ್ಳತೊಡಗಿದೆ. ಮಾತ್ರೆಯಲ್ಲ. ಹೊರಗಿನ ಯಾವ ವಸ್ತುವನ್ನು ಒಳಗಿಟ್ಟರೂ ಮೈ ಅದರ ಸುತ್ತ ತೆಳುವಾದ ಪೊರೆಯೊಂದನ್ನು ಹೆಣೆಯುತ್ತದೆ. ಅದು ಎಲ್ಲರಲ್ಲೂ ಆಗುವುದೇ, ಅದರಲ್ಲಿ ದೋಷವಿಲ್ಲ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಕುಗ್ಗಿ, ಒಳಗಿನದನ್ನು ಹಿಂಡತೊಡಗುತ್ತದೆ. ವಿಕಿರಣ ಪಡೆದ ಎದೆಯಲ್ಲಿ ಇದರ ಸಂಭವ ಹೆಚ್ಚು. ಬೇಕರ್ ಎಂಬವರ ಹೆಸರಿನ ನಾಲ್ಕು ದರ್ಜೆಗಳಲ್ಲಿ ಇದನ್ನು ಅಳೆಯುತ್ತಾರೆ: ಮೊದಲನೆಯದು ಮೆತ್ತಗೆ ಸಹಜವಾಗಿರುವುದು, ನಾಲ್ಕನೆಯದು ಕಲ್ಲಿನಂತಾಗಿ, ಆಕಾರ ಕೆಟ್ಟು, ನೋಯುವುದು. ನನ್ನದು ನಾಲ್ಕನೆಯದು. ವಿಕಿರಣ ಬೇಕಾಗುತ್ತದೆ ಎಂದು ಮೊದಲೇ ಗೊತ್ತಿತ್ತಲ್ಲ, ಈ ಮಾತನ್ನು ಆಗಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ‘ಒಪ್ಪಿಗೆ ಪತ್ರದಲ್ಲಿತ್ತು’ ಎಂದರು. ಮನೆಗೆ ಬಂದು ಹುಡುಕಿದೆ. ಇತ್ತು. ನಾಲ್ಕು ಪುಟದ ಪತ್ರದ ಮೂರನೆಯ ಪುಟದಲ್ಲಿ, ಸೋಂಕು, ರಕ್ತಸ್ರಾವ ಎಂಬವುಗಳ ಸಾಲಿನಲ್ಲಿ ಎರಡು ಪದ. ಸಹಿಯೂ ನನ್ನದೇ.

ಮನೆಯಲ್ಲಿ ವಿಷಯ ಹೇಳಿದಾಗ ಅತ್ತಿಗೆ, ಕೆಟ್ಟ ಮನಸ್ಸಿನಿಂದಲ್ಲ, ‘ಪ್ರಾಣ ಉಳಿಯಿತಲ್ಲ, ಇನ್ನು ಯಾರಿಗೆ ತೋರಿಸಬೇಕಾಗಿದೆ?’ ಎಂದರು. ಇಂಥ ಮಾತು ಕೇಳಿದವಳು ನಿಮ್ಮ ಓದುಗರಲ್ಲಿ ನಾನೊಬ್ಬಳೇ ಇರಲಾರೆ. ಯಾರಿಗೂ ತೋರಿಸಬೇಕಾಗಿರಲಿಲ್ಲ ಅತ್ತಿಗೆ, ಎಡಮಗ್ಗುಲಲ್ಲಿ ಮಲಗಬೇಕಾಗಿತ್ತು. ವಿಮಾ ಕಂಪನಿಯವರು ಇನ್ನೂ ಚುಟುಕಾಗಿ ಮುಗಿಸಿದರು: ಇದು ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ, ಹಣ ಕೊಡಲಾಗದು. ಮೊದಲ ಮರುರಚನೆಗೆ ಕೊಟ್ಟಿದ್ದವರು ಅವರೇ. ಅಂಗಿ ಹೊಲಿದದ್ದಕ್ಕೆ ಕೂಲಿ ಕೊಡುತ್ತೇನೆ, ಕಂಕುಳಲ್ಲಿ ಹಿಡಿಯುತ್ತಿದೆ ಎಂದರೆ ಅದು ನಿನ್ನ ಶೋಕಿ ಎಂದಂತಾಯಿತು. ಅಮೆರಿಕದಲ್ಲಿ 1998ರಲ್ಲೇ ಈ ಜಗಳಕ್ಕೆ ಕಾನೂನು ಮಾಡಿದ್ದಾರೆ. ಸ್ತನ ತೆಗೆಯುವ ಖರ್ಚನ್ನು ಭರಿಸುವ ವಿಮೆ, ಮರುರಚನೆಯ ಎಲ್ಲ ಹಂತಗಳ ಖರ್ಚನ್ನೂ, ಜೋಡಿ ಸರಿಹೊಂದಲು ಇನ್ನೊಂದು ಸ್ತನಕ್ಕೆ ಮಾಡುವ ಶಸ್ತ್ರಚಿಕಿತ್ಸೆಯ ಖರ್ಚನ್ನೂ, ಕೈ ಬಾವು ಸೇರಿದಂತೆ ಮುಂದೆ ಬರುವ ತೊಡಕುಗಳ ಖರ್ಚನ್ನೂ ಕೊಡಬೇಕು. ‘ಎಲ್ಲ ಹಂತಗಳ’ ಎಂಬ ಆ ಪದವನ್ನು ಬರೆದವರಿಗೆ, ಇದು ಒಂದೇ ಹಂತದಲ್ಲಿ ಮುಗಿಯುವುದಲ್ಲ ಎಂದು ಗೊತ್ತಿತ್ತು ಎಂದಾಯಿತು. ನಾನು ಮೂರು ಸಲ ಪತ್ರ ಬರೆದು, ಡಾಕ್ಟರಿಂದ ನೋವು ಮತ್ತು ಕೈಯ ಚಲನೆಯ ಬಗ್ಗೆ ಪ್ರತ್ಯೇಕ ಟಿಪ್ಪಣಿ ಬರೆಸಿ, ಅಳತೆಗಳನ್ನೂ ಚಿತ್ರಗಳನ್ನೂ ಲಗತ್ತಿಸಿದ ಮೇಲೆ ಅರ್ಧ ಹಣ ಬಂತು. ಅಳತೆಗಳನ್ನು ಬರೆದದ್ದು ನಾನೇ. ಅಷ್ಟರಮಟ್ಟಿಗೆ ಕಸುಬು ಕೈಹಿಡಿಯಿತು.

ಮೂರನೆಯ ಶಸ್ತ್ರಚಿಕಿತ್ಸೆಗೆ ಬೇರೆ ಡಾಕ್ಟರ ಬಳಿ ಹೋದೆ. ಬಿಗಿದ ಪೊರೆಯನ್ನು ಇಂಪ್ಲಾಂಟ್ ಸಮೇತ ತೆಗೆದು, ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು ಅದರ ರಕ್ತನಾಳಗಳ ಜೊತೆಗೇ ಬಿಡಿಸಿ ಎದೆಗೆ ತರುವುದು ಎಂದು ಅವರು ಚಿತ್ರ ಬರೆದು ವಿವರಿಸಿದರು. ಡೀಪ್ ಫ್ಲ್ಯಾಪ್ ಎಂದು ಕರೆಯುತ್ತಾರೆ. ಹಿಂದೆ ಹೊಟ್ಟೆಯ ಸ್ನಾಯುವನ್ನೂ ಜೊತೆಗೆ ತೆಗೆಯುತ್ತಿದ್ದರಂತೆ, ಅದರಿಂದ ಹೊಟ್ಟೆ ಸಡಿಲವಾಗಿ ಉಬ್ಬಿ ಅಥವಾ ಹರ್ನಿಯಾ ಆಗಿ, ಅದಕ್ಕೊಂದು ತಿದ್ದುಪಡಿ ಬೇಕಾಗುತ್ತಿತ್ತು. ಈ ಬಗೆಯಲ್ಲಿ ಸ್ನಾಯುವನ್ನು ಅಲ್ಲೇ ಬಿಟ್ಟು, ಅದರೊಳಗಿಂದ ಹಾದು ಬರುವ ರಕ್ತನಾಳವನ್ನು ಮಾತ್ರ ಬಿಡಿಸಿಕೊಳ್ಳುತ್ತಾರೆ. ಅದನ್ನು ಎದೆಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತಾರೆ. ಆ ದಾರವನ್ನು ನೋಡಬಹುದೇ ಎಂದು ಕೇಳಿದೆ. ಒಂದು ತುಂಡು ತೋರಿಸಿದರು. ಬಿಳಿ ಬಟ್ಟೆಯ ಮೇಲೆ ಇಟ್ಟರೂ ನನ್ನ ಕನ್ನಡಕಕ್ಕೆ ಸಿಕ್ಕಲಿಲ್ಲ. ಸೂಜಿಗೆ ದಾರ ಪೋಣಿಸಲು ದಿನವೂ ಗೊಣಗುವವಳು ಅಂದಿನಿಂದ ಗೊಣಗುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ.

ಈ ಡಾಕ್ಟರ ಬಗ್ಗೆ ನನಗೆ ಗೌರವ ಹುಟ್ಟಿದ್ದು ದಾರದಿಂದಲ್ಲ, ಅವರು ಮೊದಲ ಭೇಟಿಯಲ್ಲೇ ಹೇಳಿದ ಒಂದು ಮಾತಿನಿಂದ: ‘ಇದಾದ ಮೇಲೆ ಇನ್ನೊಂದು ಸಣ್ಣದು ಇರುತ್ತದೆ, ಕೆಲವರಿಗೆ ಎರಡು. ಅದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಒಪ್ಪಿಗೆ ಕೊಡಿ.’ ಇಷ್ಟೇ ಬೇಕಾಗಿದ್ದದ್ದು. ಮೂರು ವರ್ಷ ಮೊದಲು ಇಷ್ಟು ಹೇಳಿದ್ದರೆ, ಕನ್ನಡಿಯ ಮುಂದೆ ಟೇಪು ಹಿಡಿದ ದಿನ ನಾನು ‘ನನ್ನಲ್ಲೇ ಏನೋ ಕೆಟ್ಟಿತು’ ಎಂದು ಅಳುತ್ತಿರಲಿಲ್ಲ. ಆ ಅಳುವಿಗೆ ಒಂದು ವರ್ಷ ಹೋಯಿತು. ಡಾಕ್ಟರ ಬಳಿ ಹೋಗಲೇ ನಾಚಿಕೆ. ಬದುಕಿಸಿದವರ ಮುಂದೆ ಹೋಗಿ ಆಕಾರ ಸರಿಯಿಲ್ಲ ಎನ್ನುವುದು ಹೇಗೆ ಎಂಬ ಸಂಕೋಚ. ಆ ಸಂಕೋಚದಲ್ಲಿ ಎಷ್ಟು ಜನ ಗಟ್ಟಿಯಾದ ಎದೆಯನ್ನು ಹೊತ್ತುಕೊಂಡು ಸುಮ್ಮನಿದ್ದಾರೋ.

ಆಪರೇಷನ್ ಆದ ರಾತ್ರಿ ಪ್ರತಿ ಗಂಟೆಗೊಮ್ಮೆ ನರ್ಸ್ ಬಂದು ಫ್ಲ್ಯಾಪಿನ ಬಣ್ಣ ನೋಡಿ, ಬಿಸಿ ಇದೆಯೇ ಎಂದು ಕೈಯ ಬೆನ್ನಿನಿಂದ ಮುಟ್ಟಿ, ಡಾಪ್ಲರ್ ಕಡ್ಡಿ ಒತ್ತಿ ರಕ್ತದ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಶೂ, ಶೂ, ಶೂ. ಹೊಟ್ಟೆಯಿಂದ ಬಂದ ಮಾಂಸ ಎದೆಯಲ್ಲಿ ಉಸಿರಾಡುವ ಹಾಗೆ ಕೇಳುತ್ತಿತ್ತು. ಪಕ್ಕದ ಹಾಸಿಗೆಯವರಿಗೆ ನಡುರಾತ್ರಿ ಆ ಸದ್ದು ಕ್ಷೀಣಿಸಿತು. ಎಲ್ಲರೂ ಓಡಿ ಬಂದು ಮತ್ತೆ ಥಿಯೇಟರಿಗೆ ಒಯ್ದರು. ಜೋಡಿಸಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ತಡಮಾಡದೆ ಬಿಡಿಸಬೇಕು, ಇಲ್ಲದಿದ್ದರೆ ಇಡೀ ಫ್ಲ್ಯಾಪ್ ಕೈತಪ್ಪುತ್ತದೆ. ಅವರದು ಉಳಿಯಿತು. ತಿದ್ದುಪಡಿಗಳಲ್ಲಿ ಇಂಥ ತುರ್ತಿನದೂ ಒಂದಿದೆ ಎಂದು ಬರೆಯುತ್ತಿದ್ದೇನೆ. ಹೆದರಿಸಲು ಅಲ್ಲ. ಗಂಟೆಗೊಮ್ಮೆ ಏಕೆ ಎಬ್ಬಿಸುತ್ತಾರೆ ಎಂದು ಗೊತ್ತಿದ್ದರೆ ಬೈದುಕೊಳ್ಳದೆ ಎದ್ದಿರಬಹುದು.

ಗಾಯವೆಲ್ಲ ಮಾಗಿದ ಮೇಲೂ ಮೂರು ಕಡೆ ಉಳಿದಿತ್ತು. ಫ್ಲ್ಯಾಪಿನ ಮೇಲುಭಾಗದಲ್ಲಿ ಒಂದು ತಗ್ಗು. ಸೊಂಟದ ಎರಡೂ ತುದಿಗಳಲ್ಲಿ, ಹೊಲಿಗೆ ಮುಗಿದಲ್ಲಿ ಎದ್ದು ನಿಂತ ಚರ್ಮದ ಮಡಿಕೆ. ಡಾಕ್ಟರುಗಳು ಅದನ್ನು ನಾಯಿಕಿವಿ ಎನ್ನುತ್ತಾರೆ. ನಮ್ಮಲ್ಲಿ ಡಾರ್ಟ್‌ನ, ಅಂದರೆ ಆಕಾರಕ್ಕೆಂದು ಹಿಡಿದು ಹೊಲಿಯುವ ಚೂಪು ಮಡಿಕೆಯ, ತುದಿಯನ್ನು ನಯವಾಗಿ ಇಳಿಸದಿದ್ದರೆ ಬಟ್ಟೆ ಹೀಗೇ ಮೂತಿ ಎತ್ತುತ್ತದೆ. ಹೊಸಬರ ಕೈಯಲ್ಲಿ ಆಗುವ ತಪ್ಪೆಂದು ನಾನು ಹುಡುಗಿಯರನ್ನು ಗದರಿಸುವುದುಂಟು. ಮೈಯಲ್ಲಿ ಅದು ಹಳಬರ ಕೈಯಲ್ಲೂ ಆಗುತ್ತದೆ, ಉದ್ದದ ಹೊಲಿಗೆಯಲ್ಲಿ ಎರಡು ಅಂಚುಗಳ ಉದ್ದ ಒಂದೇ ಇರುವುದಿಲ್ಲವಲ್ಲ. ಮೂರನೆಯದು, ಬಲಗಡೆಯ ಇಳಿದ ಸ್ತನ. ಮರುದಿನವೇ ಎಲ್ಲ ಸರಿಮಾಡಿಬಿಡಿ ಎಂಬ ಅವಸರ ನನಗೆ. ಕನಿಷ್ಠ ಆರು ತಿಂಗಳು ಕಾಯಿರಿ ಎಂದರು. ಬಾವು ಇಳಿಯಬೇಕು, ಫ್ಲ್ಯಾಪ್ ತನ್ನ ಜಾಗದಲ್ಲಿ ಕೂರಬೇಕು, ಕಲೆ ಮೆತ್ತಗಾಗಬೇಕು. ಕಲೆ ಪೂರ್ತಿ ಮಾಗಲು ವರ್ಷವೇ ಬೇಕು. ನೀರಿಗೆ ಹಾಕಿ ಕುಗ್ಗಿಸದ ಹತ್ತಿಬಟ್ಟೆಗೆ ಕತ್ತರಿ ಹಾಕಬಾರದು ಎಂದು ನಾನೇ ಪಾಠ ಹೇಳುವವಳು. ಆದರೂ ಬಟ್ಟೆಗೂ ಮೈಗೂ ಹೋಲಿಕೆ ಇಷ್ಟಕ್ಕೇ ಸಾಕು. ಬಟ್ಟೆ ಒಮ್ಮೆ ಕುಗ್ಗಿ ಸುಮ್ಮನಾಗುತ್ತದೆ, ಮೈ ಸುಮ್ಮನಾಗುವುದೇ ಇಲ್ಲ. ತೂಕ ಏರುತ್ತದೆ, ಇಳಿಯುತ್ತದೆ, ವಯಸ್ಸಾಗುತ್ತದೆ. ಈ ವರ್ಷ ಜೋಡಿಯಾದದ್ದು ಹತ್ತು ವರ್ಷಕ್ಕೆ ಜೋಡಿಯಾಗಿರುತ್ತದೆ ಎಂದು ಯಾರೂ ಬರೆದುಕೊಡಲಾರರು.

ನಾಲ್ಕನೆಯದು ಮೂರು ಗಂಟೆಯ ಕೆಲಸ. ತೊಡೆಯಿಂದ ಕೊಬ್ಬು ಹೀರಿ ತಗ್ಗಿಗೆ ತುಂಬಿದರು, ನಾಯಿಕಿವಿ ಕತ್ತರಿಸಿದರು, ಬಲಸ್ತನವನ್ನು ಚಿಕ್ಕದು ಮಾಡಿ ಎತ್ತಿ ಕೂರಿಸಿದರು. ಮೈಯ ಒಂದು ಕಡೆಯ ಕೊಬ್ಬನ್ನು ಎದೆಗೆ ತರುವ ಯೋಚನೆ ಹೊಸದೇನಲ್ಲ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಚೆರ್ನಿ, ರೋಗಿಯ ಸೊಂಟದ ಬಳಿ ಇದ್ದ ಕೊಬ್ಬಿನ ಗಡ್ಡೆಯನ್ನೇ ತೆಗೆದು ಖಾಲಿಯಾದ ಎದೆಗೆ ಇಟ್ಟಿದ್ದರು. ಹೀಗೆ ತುಂಬಿದ ಕೊಬ್ಬಿನಲ್ಲಿ ಒಂದು ಪಾಲನ್ನು ಮೈ ಕರಗಿಸಿಕೊಂಡುಬಿಡುತ್ತದೆ, ಆದ್ದರಿಂದ ಎರಡನೆಯ ಸಲ ತುಂಬಬೇಕಾಗಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಎಚ್ಚರಿಸದೆ ಬಿಟ್ಟದ್ದು ಇನ್ನೊಂದು. ಮೂರು ತಿಂಗಳ ನಂತರ ಸ್ನಾನ ಮಾಡುವಾಗ ಎಡಗಡೆ ಬಟಾಣಿಯಷ್ಟು ಗಟ್ಟಿ ಗಂಟು ಬೆರಳಿಗೆ ಸಿಕ್ಕಿತು. ಐದು ವರ್ಷದ ಹಿಂದೆ ಸಿಕ್ಕಿದ್ದೂ ಹೀಗೇ, ಸ್ನಾನ ಮಾಡುವಾಗಲೇ. ಸ್ಕ್ಯಾನ್, ಸೂಜಿ ಪರೀಕ್ಷೆ, ಎಂಟು ದಿನದ ಕಾಯುವಿಕೆ. ಆ ಎಂಟು ದಿನ ನಾನು ಒಂದೇ ಅಂಗಿಯ ತೋಳನ್ನು ಎರಡು ಸಲ ತಿರುಗಾಮುರುಗಾ ಹೊಲಿದೆ. ಫಲಿತಾಂಶ: ರಕ್ತ ಸಿಗದೆ ಸತ್ತ ಕೊಬ್ಬು ಗಟ್ಟಿಯಾಗಿದೆ, ಕ್ಯಾನ್ಸರ್ ಅಲ್ಲ. ಮರುರಚನೆಯ ನಂತರ ಇದು ಅಪರೂಪವೇನಲ್ಲವಂತೆ. ಗಂಟು ಸಿಕ್ಕಿದರೆ ತೋರಿಸಲೇಬೇಕು, ಆ ಮಾತು ಬೇರೆ. ಆದರೆ ಹೀಗೂ ಇರಬಹುದು ಎಂಬ ಒಂದು ವಾಕ್ಯ ಮೊದಲೇ ಕಿವಿಗೆ ಬಿದ್ದಿದ್ದರೆ ಆ ತೋಳು ಉಳಿಯುತ್ತಿತ್ತು.

ಇಂಪ್ಲಾಂಟ್ ಇಟ್ಟುಕೊಂಡು ನೆಮ್ಮದಿಯಾಗಿರುವವರು ಬಹಳ ಜನ ಇದ್ದಾರೆ, ಅವರನ್ನು ಕದಡುವುದು ನನ್ನ ಉದ್ದೇಶವಲ್ಲ. ಆದರೆ ಅದು ಜೀವಮಾನದ ವಸ್ತುವಲ್ಲ ಎಂಬುದನ್ನು ಅವರಿಗೂ ಹೇಳಬೇಕು. ಸಿಲಿಕೋನ್ ಇಂಪ್ಲಾಂಟ್ ಒಡೆದರೂ ಎಷ್ಟೋ ಸಲ ಹೊರಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಟ್ಟು ಐದಾರು ವರ್ಷವಾದಾಗ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕೆನ್ನುತ್ತದೆ. ವರ್ಷಗಳ ನಂತರ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಂಡರೆ ತಡಮಾಡದೆ ತೋರಿಸಬೇಕು. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಬೆಳೆಯುವ, ಲಿಂಫೋಮಾ ಎಂಬ ಕ್ಯಾನ್ಸರಿನ ಅಪರೂಪದ ಒಂದು ಬಗೆಯ ಸುಳಿವು ಅದಾಗಿರಬಹುದು. ಅಂಥ ಒಂದು ಬಗೆಯ ಇಂಪ್ಲಾಂಟ್‌ಗಳನ್ನು 2019ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ತಮ್ಮೊಳಗಿರುವುದು ಯಾವುದು ಎಂದು ತಿಳಿಯಲು ಆಸ್ಪತ್ರೆ ಕೊಡುವ ಚಿಕ್ಕ ಕಾರ್ಡ್ ಬೇಕು. ನನ್ನ ಕಾರ್ಡ್ ಈಗಲೂ ಗುಂಡಿಗಳ ಡಬ್ಬಿಯಲ್ಲಿದೆ, ಒಳಗಿದ್ದದ್ದು ಹೋಗಿ ಕಾಲವಾದರೂ.

ಇದನ್ನೆಲ್ಲ ಓದಿ, ಕಟ್ಟಿಸಿಕೊಳ್ಳುವುದೇ ಬೇಡ ಎಂದುಕೊಳ್ಳುವವರಿದ್ದರೆ ಅದೂ ಸರಿಯಾದ ತೀರ್ಮಾನವೇ. ಆದರೆ ಹಾಗೆ ಬಿಟ್ಟವರಿಗೂ ತಿದ್ದುಪಡಿ ಬರುವುದಿಲ್ಲ ಎಂದಲ್ಲ. ನನ್ನ ಹಳೆಯ ಗಿರಾಕಿಯೊಬ್ಬರು ಮರುರಚನೆ ಬೇಡವೆಂದೇ ಹೇಳಿದ್ದರು. ‘ಮುಂದೆ ಮನಸ್ಸು ಬದಲಾದರೆ’ ಎಂದು ಅವರ ಎದೆಯ ಮೇಲೆ ಹೆಚ್ಚುವರಿ ಚರ್ಮ ಬಿಟ್ಟು ಹೊಲಿದುಬಿಟ್ಟರಂತೆ. ಮನಸ್ಸು ಬದಲಾಗಲಿಲ್ಲ. ಜೋಲುವ ಚರ್ಮ ತೆಗೆಸಿ ಸಪಾಟಾಗಿಸಿಕೊಳ್ಳಲು ಮತ್ತೆ ಅರಿವಳಿಕೆ ತೆಗೆದುಕೊಳ್ಳಬೇಕಾಯಿತು. ಮಾರ್ಜಿನ್ ಬಿಡುವಾಗಲೂ ಗಿರಾಕಿಯನ್ನು ಕೇಳಿಯೇ ಬಿಡಬೇಕು.

ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಮರುರಚನೆಯ ಬಗ್ಗೆ ಇನ್ನೊಮ್ಮೆ ಬರೆಸುವಾಗ ಆರನೆಯ ವಾರದವರನ್ನು ಮಾತ್ರವಲ್ಲ, ಐದನೆಯ ವರ್ಷದವರನ್ನೂ ಮಾತನಾಡಿಸಿ. ಡಾಕ್ಟರನ್ನು ಸಂದರ್ಶಿಸುವಾಗ ‘ಒಟ್ಟು ಎಷ್ಟು ಸಲ’ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಿ. ಉತ್ತರ ಒಂದು ಎಂದು ಬಂದರೆ ಮತ್ತೊಮ್ಮೆ ಕೇಳಿ. ಈ ಶಸ್ತ್ರಚಿಕಿತ್ಸೆಗಳನ್ನು ‘ಸೌಂದರ್ಯ’ ಎಂಬ ತಲೆಬರಹದ ಕೆಳಗೆ ಹಾಕಬೇಡಿ. ನಿಮ್ಮ ತಲೆಬರಹ ನೋಡಿಯೇ ವಿಮಾ ಕಂಪನಿಯವರು ಬರೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ, ಆದರೆ ಇಬ್ಬರೂ ಬಳಸುವ ಪದ ಒಂದೇ.

ಮೊಲೆತೊಟ್ಟಿನ ಕೆಲಸ ಬಾಕಿ ಇದೆ, ಹಚ್ಚೆಯಿಂದಲೂ ಮಾಡಬಹುದು, ಯಾವಾಗ ಬರುತ್ತೀರಿ ಎಂದು ಡಾಕ್ಟರು ಕಳೆದ ಭೇಟಿಯಲ್ಲಿ ಕೇಳಿದರು. ಗುಂಡಿಯಿಲ್ಲದಿದ್ದರೂ ಅಂಗಿ ನಿಲ್ಲುತ್ತಿದೆ ಡಾಕ್ಟರೇ, ಸದ್ಯಕ್ಕೆ ಬೇಡ ಎಂದೆ. ಮೇಲಿನ ತಗ್ಗು ಸ್ವಲ್ಪ ಮರಳಿದೆ, ಅದನ್ನೂ ಬೇಡ ಎಂದಿದ್ದೇನೆ. ಎಡಮಗ್ಗುಲಲ್ಲಿ ನಿದ್ದೆ ಬರುತ್ತಿದೆ.

ಹೆಸರನ್ನು ದಯವಿಟ್ಟು ಅಚ್ಚು ಮಾಡಬೇಡಿ. ನಾಚಿಕೆಗಾಗಿ ಅಲ್ಲ. ಅಳತೆ ಕೊಡಲು ಬಂದವರು ನನ್ನ ಎದೆಯನ್ನೇ ಕಣ್ಣಲ್ಲಿ ಅಳೆಯುತ್ತ ನಿಂತರೆ, ಅವರ ಉಸಿರು ಏರುಪೇರಾಗಿ ಟೇಪಿನ ಲೆಕ್ಕ ತಪ್ಪುತ್ತದೆ.

ಇಂತಿ,
ಹೊಲಿಗೆಯ ಕಸುಬಿನ ಒಬ್ಬ ಓದುಗಳು